ಖಾದರ್ ಸಾಬರ ಹೊಟ್ಟೆ, ನನ್ನ ಔಷಧಿ

೧೯೪೩ರಲ್ಲಿ ನಾನು ಒಂದು ಖಾಸಗಿ ವರ್ಕ್‌ಶಾಪಿನ ಡಾಕ್ಟರಾಗಿದ್ದೆ. ಹಲಸೂರು ದಾಟಿದ ಮೇಲೆ, ಈಗ ಇಂದಿರಾನಗರವಿರುವ ಬಯಲಿನಲ್ಲಿ, ಯುದ್ಧದ ಗುತ್ತಿಗೆಗೆಂದೇ ಎದ್ದಿದ್ದ ವರ್ಕ್‌ಶಾಪ್ ಅದು. ವಿಮಾನಪುರದ ವಿಮಾನ ಕಾರ್ಖಾನೆಗೆ ಹೋಗಬೇಕಾದ ವಿಮಾನದ ಬಿಡಿಭಾಗಗಳನ್ನು ಅಲ್ಲಿ ರಿಪೇರಿ ಮಾಡುತ್ತಿದ್ದರು. ನಾನು ಓದಿದ್ದು ಎಲ್.ಎಂ.ಪಿ. ಎಂಬ ಡಾಕ್ಟರಿಕೆ ಡಿಪ್ಲೊಮಾ; ವಯಸ್ಸು ಮೂವತ್ತೊಂದು. ತಗಡಿನ ಶೆಡ್ಡಿನ ಒಂದು ಮೂಲೆಯೇ ಡಿಸ್ಪೆನ್ಸರಿ. ಬೆಳಿಗ್ಗೆ ಎಂಟರಿಂದ ಹನ್ನೆರಡರೊಳಗೆ ಅರವತ್ತು ಎಪ್ಪತ್ತು ಜನರನ್ನು ನೋಡಿ, ಒಬ್ಬೊಬ್ಬರ ಚೀಟಿಯ ಮೇಲೂ ‘ಕೆಲಸಕ್ಕೆ’ ಅಥವಾ ‘ಮನೆಗೆ’ ಎಂದು ಬರೆಯಬೇಕು. ನಾಲ್ಕು ವರ್ಷ ಓದಿದ ವಿದ್ಯೆ ಆ ಎರಡು ಪದಗಳಿಗೆ ಇಳಿದಿತ್ತು.

ಹಿಂದಿನ ವರ್ಷ ನನ್ನ ಹೆಂಡತಿ ಟೈಫಾಯ್ಡಿನಿಂದ ತೀರಿಕೊಂಡಿದ್ದಳು. ಆಮೇಲೆ ನನಗೆ ಅಳು ಬರಲಿಲ್ಲ, ಬೇರೇನೂ ಬರಲಿಲ್ಲ. ಊಟ ರುಚಿಸುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ರುಚಿಸುತ್ತಿದೆಯೋ ಇಲ್ಲವೋ ಎಂದು ನಾನು ಗಮನಿಸುತ್ತಲೇ ಇರಲಿಲ್ಲ. ಜನ ನನ್ನನ್ನು ಗಟ್ಟಿ ಮನುಷ್ಯ ಅಂದರು. ಇರಬಹುದು ಅಂದುಕೊಂಡು ಸೈಕಲ್ ಹತ್ತಿ ಕೆಲಸಕ್ಕೆ ಬರುತ್ತಿದ್ದೆ.

ಖಾದರ್ ಸಾಬರು ನನ್ನ ಬಳಿ ಬಂದಾಗ ಅವರ ಕೈಯಲ್ಲಿ ಫೋರ್‌ಮನ್ ವರದರಾಜುಲು ಬರೆದ ಚೀಟಿಯಿತ್ತು. ಸಾಬರಿಗೆ ಐವತ್ತರ ಹತ್ತಿರ. ಈಗ ಶಿವಾಜಿನಗರ ಎನ್ನುವ, ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಪೇಟೆಯವರು. ಇಪ್ಪತ್ತೆರಡು ವರ್ಷ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮಿಲಿಟರಿ ಆಫೀಸರುಗಳ ಕೋಟು ಹೊಲಿದಿದ್ದರು. ಯುದ್ಧದಲ್ಲಿ ಬಟ್ಟೆ ಸಿಗದೆ ಅಂಗಡಿ ಮುಚ್ಚಿತು, ಸಾಬರು ವರ್ಕ್‌ಶಾಪಿಗೆ ಬಂದರು. ಆ ಕಾಲದ ವಿಮಾನಗಳ ರೆಕ್ಕೆ ಮತ್ತು ಬಾಲದಲ್ಲಿ ಅಲುಗಾಡುವ ಭಾಗಗಳಿಗೆ ಬಟ್ಟೆ ಹೊದಿಸುತ್ತಿದ್ದರು. ಚೌಕಟ್ಟಿಗೆ ಬಟ್ಟೆ ಬಿಗಿದು ಬಾಗಿದ ಸೂಜಿಯಿಂದ ಕೈಯಲ್ಲೇ ಹೊಲಿಯಬೇಕು. ಇನ್ಸ್‌ಪೆಕ್ಟರ್ ನೋಡಿ ಮುದ್ರೆ ಒತ್ತಿದ ಮೇಲೆ ಡೋಪ್ ಎಂಬ ಬಣ್ಣ ಹಚ್ಚುತ್ತಾರೆ. ಬಟ್ಟೆ ಒಣಗುತ್ತಾ ತಮಟೆಯ ಹಾಗೆ ಬಿಗಿಯುತ್ತದೆ. ಅಲ್ಲಿಗೆ ಹೊಲಿಗೆ ಕಣ್ಣಿಗೆ ಕಾಣುವುದಿಲ್ಲ.

ಫೋರ್‌ಮನ್ನರ ದೂರು ಇಷ್ಟೇ. ಪಾಯಿಖಾನೆಗೆ ಹೋಗುವವರು ಮೊಳೆಗೆ ನೇತುಹಾಕಿದ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಇಡೀ ಸೆಕ್ಷನ್ನಿಗೆ ಒಂದೇ ಬಿಲ್ಲೆ, ಹತ್ತು ನಿಮಿಷದ ಗಡುವು. ಖಾದರ್ ಸಾಬರು ಒಂದು ಪಾಳಿಯಲ್ಲಿ ಏಳೆಂಟು ಸಲ ಆ ಬಿಲ್ಲೆ ಒಯ್ಯುತ್ತಿದ್ದರು. ಉಳಿದವರು ಕಾಲು ಬದಲಿಸುತ್ತಾ ನಿಲ್ಲುತ್ತಿದ್ದರು, ಜಗಳವಾಗುತ್ತಿತ್ತು. ಆಮಶಂಕೆ ಇದ್ದರೆ ಅಂಟುರೋಗವೆಂದು ಕೆಲಸದಿಂದ ತೆಗೆಯುವುದು, ಇಲ್ಲದಿದ್ದರೆ ಕಳ್ಳಾಟವೆಂದು ತೆಗೆಯುವುದು. ಯಾವುದೆಂದು ನಾನು ಬರೆದುಕೊಡಬೇಕಿತ್ತು. ಎರಡರಲ್ಲಿ ಯಾವುದನ್ನು ಬರೆದರೂ ಬ್ಲ್ಯಾಕ್‌ಪಲ್ಲಿಯ ಸಾಬರ ಮನೆಯಲ್ಲಿ ಆರು ಜನರಿಗೆ ಒಲೆ ಉರಿಯುವುದು ಕಷ್ಟವಿತ್ತು.

ಮೂರು ಸಲ ಮಲಪರೀಕ್ಷೆ ಮಾಡಿದೆ. ಮೈಕ್ರೋಸ್ಕೋಪಿನಲ್ಲಿ ಏನೂ ಇರಲಿಲ್ಲ. ಕೇಳಿದ್ದಕ್ಕೆಲ್ಲ ಸಾಬರು ನಾಚಿಕೊಂಡು ಉತ್ತರ ಹೇಳಿದರು. ವರ್ಕ್‌ಶಾಪಿನ ಲಾರಿಯಲ್ಲಿ ಕೂತರೆ ನಡುವೆ ನಿಲ್ಲಿಸಿ ಎನ್ನಲಾಗದೆಂದು ಮನೆಯಿಂದ ನಡೆದೇ ಬರುತ್ತಿದ್ದರು. ಹಲಸೂರಿನವರೆಗೆ ಯಾವ ಮಸೀದಿ, ಯಾವ ಹೋಟೆಲು, ಯಾವ ಪೊದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಸಂಜೆ ಮನೆ ಮುಟ್ಟುವವರೆಗೆ ಗಂಜಿನೀರು ಬಿಟ್ಟು ಬೇರೇನೂ ಬಾಯಿಗಿಡುತ್ತಿರಲಿಲ್ಲ. ಆದರೆ ಭಾನುವಾರ ಹೊಟ್ಟೆ ತೆಪ್ಪಗಿರುತ್ತಿತ್ತು. ರಜೆಯಲ್ಲಿ ಮದುವೆಯೂಟ ಮಾಡಿದರೂ ಏನೂ ಆಗುತ್ತಿರಲಿಲ್ಲ. ಇದು ಹೆದರಿಕೆಯ ಹೊಟ್ಟೆ ಎಂದು ಅಷ್ಟಕ್ಕೇ ನನಗೆ ಗೊತ್ತಾಗಬೇಕಿತ್ತು, ಗೊತ್ತೂ ಆಯಿತು. ಯಾವುದರ ಹೆದರಿಕೆ ಎಂದು ಮಾತ್ರ ಕೇಳಲಿಲ್ಲ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.

ಚೀಟಿಯ ಮೇಲೆ ‘ಚಿಕಿತ್ಸೆಯಲ್ಲಿದ್ದಾರೆ’ ಎಂದು ಬರೆದು, ಸೀಮೆಸುಣ್ಣ ಮತ್ತು ಅಫೀಮು ಬೆರೆಸಿದ ಮಿಕ್ಸ್‌ಚರ್ ಕೊಟ್ಟೆ. ಭೇದಿ ಕಟ್ಟಲು ಆಗ ಎಲ್ಲರೂ ಕೊಡುತ್ತಿದ್ದ ಔಷಧಿಯೇ ಅದು. ದಿನಕ್ಕೆ ಮೂರು ಸಲ ಕುಡಿಯಬೇಕೆಂದೆ. ಮಾರನೆಯ ದಿನದಿಂದ ಸಾಬರು ಬಿಲ್ಲೆ ಮುಟ್ಟಲಿಲ್ಲ. ಒಂದು ವಾರದ ಮೇಲೆ ವರದರಾಜುಲು ಖುದ್ದಾಗಿ ಬಂದು ಕೈ ಕುಲುಕಿ ಹೋದರು. ನಾನು ರಿಜಿಸ್ಟರಿನಲ್ಲಿ ‘ವಾಸಿ’ ಎಂದು ಬರೆದೆ.

ಹನ್ನೆರಡನೆಯ ದಿನ ಊಟದ ಬಿಡುವಿನಲ್ಲಿ ಸಾಬರು ಚೀಟಿಯಿಲ್ಲದೆ ಬಂದರು. ಸೀಸೆಯನ್ನು ನನ್ನ ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಒಂದು ಗೇಣು ಬಟ್ಟೆ ಇಟ್ಟರು. ಆ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮುದ್ರೆ ಒತ್ತಿ ಪಾಸು ಮಾಡಿದ್ದ ತಮ್ಮದೇ ಹೊಲಿಗೆಯನ್ನು ಅವರು ಕತ್ತರಿಯಿಂದ ಸೀಳಿ ತಂದಿದ್ದರು. ಇಂಚಿಗೆ ಎಂಟು ಇರಬೇಕಾದ ಹೊಲಿಗೆ ಒಂದು ಕಡೆ ಆರು, ಇನ್ನೊಂದು ಕಡೆ ಐದಿತ್ತು.

‘ಪಾಸಾಗಿತ್ತಲ್ಲ, ಯಾಕೆ ಕತ್ತರಿಸಿದ್ರಿ?’ ಎಂದೆ.

‘ಕಮರ್ಷಿಯಲ್ ಸ್ಟ್ರೀಟಲ್ಲಿ ಹೊಲಿಗೆ ಬಿಟ್ರೆ ಗಿರಾಕಿ ಬಂದು ಬೈತಾನೆ ಡಾಕ್ಟರ್ ಸಾಬ್. ಇಲ್ಲಿ ಬೈಯೋಕೆ ಯಾರು ವಾಪಸ್ ಬರ್ತಾರೆ? ಅದನ್ನ ನೆನೆಸ್ಕೊಂಡ್ರೇ ನಂಗೆ ಹೊಟ್ಟೆ ಕಲಸ್ತಿತ್ತು. ನಿಮ್ಮ ದವಾ ಕುಡಿದ್ಮೇಲೆ ಹೊಟ್ಟೆ ಸುಮ್ಮನಾಯ್ತು. ಇವತ್ತು ಹೊಲಿಗೆ ತಪ್ಪಿದ್ದು ಕಣ್ಣಿಗೆ ಕಾಣ್ತು, ಆದ್ರೂ ಏನೂ ಅನ್ನಿಸ್ಲಿಲ್ಲ. ಏನೂ ಅನ್ನಿಸ್ಲಿಲ್ವಲ್ಲಾ ಅಂತ ಕತ್ತರಿ ತಗೊಂಡೆ.’

ಏನೂ ಅನ್ನಿಸದಿರುವುದು ಅವರಿಗೆ ಹನ್ನೊಂದು ದಿನದ ರೋಗ, ನನಗೆ ಹದಿನಾಲ್ಕು ತಿಂಗಳದ್ದು. ಅವರು ಅದನ್ನು ಕಂಡುಹಿಡಿದು ಕತ್ತರಿ ಎತ್ತಿಕೊಂಡಿದ್ದರು. ನಾನು ಅದೇ ಸ್ಥಿತಿಯಲ್ಲಿ ದಿನಕ್ಕೆ ಎಪ್ಪತ್ತು ಜನರನ್ನು ಪಾಸು ಮಾಡುತ್ತಿದ್ದೆ. ನನಗೆ ನಾಚಿಕೆಯಾಯಿತು. ಬಹಳ ದಿನಗಳ ಮೇಲೆ ಏನೋ ಒಂದು ಆಯಿತಲ್ಲ ಎಂದು ಆಶ್ಚರ್ಯವೂ ಆಯಿತು.

ಪಾಸಾದ ಸರಕನ್ನು ಹಾಳುಮಾಡಿದ್ದಕ್ಕೆ ಸಾಬರನ್ನು ಅಂದೇ ಕೆಲಸದಿಂದ ತೆಗೆದುಹಾಕಲು ವರದರಾಜುಲು ಹೊರಟಿದ್ದರು. ನಾನು ಮ್ಯಾನೇಜರಿಗೆ ಒಂದು ಪುಟದ ಕಾಗದ ಬರೆದೆ. ಇದು ಆಮಶಂಕೆಯಲ್ಲ, ಕಳ್ಳಾಟವೂ ಅಲ್ಲ, ಹೊಲಿಗೆ ಕೆಟ್ಟಿದ್ದು ನನ್ನ ಔಷಧಿಯಿಂದ; ಇವರಿಗೆ ಬೇಕಾದದ್ದು ಬಾಗಿಲ ಪಕ್ಕದಲ್ಲಿ ಒಂದು ಬೆಂಚು ಮತ್ತು ಬೇರೆಯೇ ಒಂದು ಬಿಲ್ಲೆ. ಒಬ್ಬನಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ಫೋರ್‌ಮನ್ ವಾದಿಸಿದರು. ಔಷಧಿಗೆ ಮೊದಲಿನ ಐದು ತಿಂಗಳ ಇನ್ಸ್‌ಪೆಕ್ಷನ್ ಪುಸ್ತಕ ತರಿಸಿ ನೋಡಿದೆವು. ಸಾಬರ ಹೊಲಿಗೆ ಒಂದೇ ಒಂದು ಸಲವೂ ವಾಪಸಾಗಿರಲಿಲ್ಲ. ಮ್ಯಾನೇಜರ್ ಬಿಲ್ಲೆ ಕೊಟ್ಟರು. ಸಾಬರು ಯುದ್ಧ ಮುಗಿಯುವವರೆಗೆ ಆ ಬೆಂಚಿನಲ್ಲಿ ಕೂತು, ದಿನಕ್ಕೆ ಏಳೆಂಟು ಸಲ ಎದ್ದು ಹೋಗಿ ಬಂದು, ಇಂಚಿಗೆ ಎಂಟರಂತೆ ಹೊಲಿದರು. ಅವರ ಹೊಟ್ಟೆ ವಾಸಿಯಾಗಲಿಲ್ಲ.

ಆದರೆ ಆ ಕಾಗದದಿಂದಲೇ ಇನ್ನೊಂದು ಲೆಕ್ಕವೂ ಹೊರಬಿತ್ತು. ಔಷಧಿ ಕುಡಿದ ಹನ್ನೊಂದು ದಿನಗಳಲ್ಲಿ ಸಾಬರು ಒಂಬತ್ತು ಭಾಗಗಳನ್ನು ಹೊಲಿದು ಮುಗಿಸಿದ್ದರು. ಐದು ಸ್ಟೋರಿನಲ್ಲೇ ಇದ್ದವು, ಬಿಚ್ಚಿ ಮತ್ತೆ ಹೊಲಿದರು. ನಾಲ್ಕು ಆಗಲೇ ಡೋಪ್ ಹಚ್ಚಿಸಿಕೊಂಡು ವಿಮಾನಪುರಕ್ಕೆ ಹೋಗಿಬಿಟ್ಟಿದ್ದವು. ಅವುಗಳ ಬಗ್ಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಅವು ಯಾವ ವಿಮಾನಕ್ಕೆ ಸೇರಿದವು, ಅದನ್ನು ಹಾರಿಸಿದವರು ಯಾರು, ಇಳಿದರೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಒಂದು ಔಷಧಿ ಬೇನೆಯ ಜೊತೆಗೆ ಇನ್ನೇನನ್ನು ನಿಲ್ಲಿಸುತ್ತದೆ ಎಂದು ಕೇಳಿಕೊಳ್ಳದೆ ಅದನ್ನು ಬರೆಯಬಾರದು ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಆಮೇಲೆ ಮೂವತ್ತು ವರ್ಷ ಡಾಕ್ಟರಿಕೆ ಮಾಡಿದೆ. ಅಷ್ಟೂ ವರ್ಷ, ಪ್ರತಿ ಬೆಳಿಗ್ಗೆ ರೋಗಿಗಳನ್ನು ನೋಡಲು ಹೊರಡುವ ಮೊದಲು, ಆ ನಾಲ್ಕು ಭಾಗಗಳು ನೆನಪಾಗಿ ನಾನು ಎರಡು ಸಲ ಪಾಯಿಖಾನೆಗೆ ಹೋಗಿಬರಬೇಕಾಗುತ್ತಿತ್ತು. ಅದಕ್ಕೆ ಔಷಧಿ ತೆಗೆದುಕೊಳ್ಳಲಿಲ್ಲ.