ಹನಿ ಕಾಯುವ ನಾಗಲಿಂಗಮ್ಮ

ಬೆಳಗಿನ ಐದೂವರೆ. ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಾ ನಾಗಲಿಂಗಮ್ಮ ಸಲೈನ್ ಬಾಟಲಿಯ ಕೆಳಗೆ ನಿಂತಿದ್ದಾರೆ. ಕಣ್ಣು ಗಡಿಯಾರದ ಮೇಲೆ, ಹೆಬ್ಬೆರಳು ಪೈಪಿನ ಪುಟ್ಟ ಗಾಲಿಯ ಮೇಲೆ. ಈ ಗಾಲಿ ಮೇಲಕ್ಕೆ ಉರುಳಿದರೆ ಹನಿ ಜೋರು, ಕೆಳಕ್ಕೆ ಉರುಳಿದರೆ ನಿಧಾನ. ಮಂಚದಲ್ಲಿ ತಂಬ್ರಹಳ್ಳಿಯ ಏಕಾಂತಪ್ಪ, ಹೃದಯ ದುರ್ಬಲ. ಡಾಕ್ಟರು ಹೇಳಿರುವುದು ನಿಮಿಷಕ್ಕೆ ಹದಿನೈದೇ ಹನಿ.

"ಇಪ್ಪತ್ತು ಹನಿಗೆ ಒಂದು ಎಂ.ಎಲ್. ಆಗತೈತ್ರಿ. ಈ ಅರ್ಧ ಲೀಟರ್ ಬಾಟ್ಲಿ ಮುಗಿಯಾಕ ಹನ್ನೊಂದು ತಾಸು ಬೇಕು. ಗಡಿಬಿಡಿ ಮಾಡಿದ್ರ ನೀರು ಎದಿಗೆ ತುಂಬತೈತಿ."

ಓದಿದ್ದು ನಾಲ್ಕನೇ ತರಗತಿ. ಗಂಡ ತೀರಿಕೊಂಡ ಮೇಲೆ, 1994ರಲ್ಲಿ ಸೇರಿದ ಕೆಲಸ. ಈಗ ಹತ್ತು ವರ್ಷ. ಏಳು ಮಂಚ, ದಿನಕ್ಕೆ ಹದಿನೈದಿಪ್ಪತ್ತು ಬಾಟಲಿ. ಸೂಜಿ ಚುಚ್ಚುವುದು ನರ್ಸು, ಹನಿ ಕಾಯುವುದು ಇವರು. ರೋಗಿಗಳ ಕಡೆಯವರದೇ ದೊಡ್ಡ ಕಾಟವಂತೆ. ಬಸ್ಸಿಗೆ ಹೊತ್ತಾಯಿತೆಂದು ಕದ್ದು ಗಾಲಿ ಸಡಿಲಿಸಿಬಿಡುತ್ತಾರೆ.

ಹೊದಿಕೆ ಸರಿಪಡಿಸಲು ಅವರು ಒಂದು ಗಳಿಗೆ ಕೈ ತೆಗೆಯುತ್ತಾರೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು ನೋಡುತ್ತಿದ್ದಂತೆಯೇ ಹನಿ ಓಡತೊಡಗುತ್ತದೆ. ಏಕಾಂತಪ್ಪ ನಿದ್ದೆಯಲ್ಲಿದ್ದಾರೆ, ಹತ್ತಿರ ಇನ್ನಾರೂ ಇಲ್ಲ. ನಾಗಲಿಂಗಮ್ಮ ಗಾಲಿ ಕೆಳಗಿಳಿಸಿ, ಗೋಡೆಯ ಕಡೆ ತಿರುಗಿ, "ಬಸ್ ಇನ್ನಾ ಬಂದಿಲ್ಲಬೇ, ಕುಂದ್ರು" ಎನ್ನುತ್ತಾರೆ.

ಗಾಲಿ ಸವೆದಿರಬೇಕು ಎನ್ನುತ್ತೇನೆ, ಧೈರ್ಯಕ್ಕೆ. ಇದೇ ರಾತ್ರಿ ಬಿಚ್ಚಿದ ಹೊಸ ಪೈಪಂತೆ. ಎಷ್ಟು ಹೊಸದಾದರೂ ಈ ಮಂಚದಲ್ಲಿ, ಈ ಹೊತ್ತಿಗೆ ಹೀಗೇ ಅಂತೆ.

ಕೆಲಸಕ್ಕೆ ಸೇರಿದ ಮೂರನೇ ತಿಂಗಳು ಇಲ್ಲಿ ಕೋಗಳಿಯ ಮಾರೆಮ್ಮ ಮಲಗಿದ್ದರು. ಅವರಿಗೂ ಹದಿನೈದೇ ಹನಿ. ಮನೆಯಲ್ಲಿ ಮಗಳು ಮಾಳಮ್ಮ ಹಸಿ ಬಾಣಂತಿ, ಒಬ್ಬಳೇ ಇದ್ದಾಳೆ, ಆರರ ಬಸ್ಸು ಹಿಡಿಯಬೇಕು, ಜಲ್ದಿ ಬಿಡು ಎಂದು ಗೋಗರೆದರು. ಅರ್ಧ ಬಾಟಲಿ ಉಳಿದಿತ್ತು. ಕರುಳು ಚುರ್ರೆಂದು ನಾಗಲಿಂಗಮ್ಮ ಗಾಲಿಯನ್ನು ಪೂರ್ತಿ ತೆರೆದರು. ಕಾಲು ತಾಸಿನಲ್ಲಿ ಮಾರೆಮ್ಮನಿಗೆ ಏದುಸಿರು ಹತ್ತಿತು. ಬಸ್ಸು ಹೊರಡುವ ಹೊತ್ತಿಗೆ ಜೀವ ಹೋಗಿತ್ತು. ಮೊದಲೇ ಹೃದಯದ ಕಾಯಿಲೆ ಎಂದು ಯಾರೂ ಏನೂ ಕೇಳಲಿಲ್ಲ. ಇವರೂ ಹೇಳಲಿಲ್ಲ.

ಮಾರೆಮ್ಮನಿಗೆ ನಿಮ್ಮ ಮೇಲೆ ಸಿಟ್ಟೇ ಎಂದು ಕೇಳುತ್ತೇನೆ.

"ಸಿಟ್ಟಿಲ್ರಿ. ಮಗಳ ಹತ್ರ ಹೋಗೋ ಅವಸರ ಅಷ್ಟ. ನನಗ ಹೆದರಿಕಿ ಇರೋದು ಇಲ್ಲಿ ಮಲಗಿದವ್ರ ಸಲುವಾಗಿ."

ಅಂದಿನಿಂದ ಒಂದು ಬೆಳಗೂ ರಜೆ ಹಾಕಿಲ್ಲ. ಆ ಮಂಚದಲ್ಲಿ ಮತ್ತೊಂದು ಜೀವ ಹೋಗಲು ಬಿಟ್ಟಿಲ್ಲ. ಹೊರಡುವ ಮುನ್ನ ಫೋಟೋ ಕೇಳಿದರೆ ಬೇಡವೆನ್ನುತ್ತಾರೆ. ಬರೆಯುವುದೊಂದು ಬಾಕಿಯಿದೆ ಎಂದು ನನ್ನನ್ನು ನಿಲ್ಲಿಸುತ್ತಾರೆ.

"ಗಾಲಿ ಬಿಟ್ಟದ್ದು ನನ್ನ ಕೈ ಅಂತ ಬರೀರಿ. ಮಾಳಮ್ಮ ಓದಲಿ. ನಿಮ್ಮ ಪೇಪರು ಕೋಗಳಿಗೆ ಹೋಗತೈತಲ್ರೀ?"