ಕುರಿ ಬಿಟ್ಟ ಜಾಗ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ.

ಸಾಂಗ್ಲಿ, ಮಿರಜ ಎರಡೂ ಊರು ಬೆಳೆದು ಉಬ್ಬಿ ಒಂದನ್ನೊಂದು ಮುಟ್ಟುತ್ತಿದ್ದ ಕಾಲ. ಮಾಲಗಾಂವ ರಸ್ತೆಯ ಹೊಲಗಳೆಲ್ಲ ಪ್ಲಾಟುಗಳಾದವು. ನಮ್ಮ ಕಾಕಾನ ಹೊಲವೂ ಹೋಯಿತು. ಕೊಂಡವರು ಬಾವಿಗೆ ಮುರುಮು ಮಣ್ಣು ತುಂಬಿ, ನೆಲ ಸಪಾಟು ಮಾಡಿ, ಕಲ್ಲು ನೆಟ್ಟು ನಂಬರು ಬರೆದರು. ನಕಾಶೆಯಲ್ಲಿ ಬಾವಿಯೇ ಇರಲಿಲ್ಲ. ಸಾಂಗ್ಲಿಯಲ್ಲಿ ಬೆಳೆದ ನಾನು ಅದನ್ನು ಒಮ್ಮೆಯೂ ಕಂಡವನಲ್ಲ.

ಕಾಕಾ ನನಗಾಗಿ ಒಂದು ಪ್ಲಾಟು ಉಳಿಸಿದ್ದರು. ಎಂಟು ಹತ್ತು ವರ್ಷದ ಮೇಲೆ ಅಲ್ಲಿ ಮನೆ ಕಟ್ಟಲು ಹೊರಟೆ. ಗೋಡೆ ಕಟ್ಟುವ ಗವಂಡಿ ಮೊದಲು ಕೇಳಿದ್ದೇ ಮುಚ್ಚಿದ ಬಾವಿ ಎಲ್ಲಿತ್ತೆಂದು. ಪಾಯ ಅದರ ಮೇಲೆ ಬಿದ್ದರೆ ಗೋಡೆ ನಿಲ್ಲುವುದಿಲ್ಲ. ಜೀವಮಾನವಿಡೀ ಆ ಬಾವಿಯ ನೀರು ಹಾಯಿಸಿದ ಕಾಕಾನನ್ನೇ ಕರೆತಂದೆ. ಅವರು ಕೋಲೂರಿ ಒಂದು ಕಡೆ ತೋರಿಸಿದರು. ಮರುದಿನ ಇನ್ನೊಂದು ಕಡೆ.

“ಬಾವಿ ಏನ್ ದಿನಾ ಜಾಗಾ ಬದಲಿ ಮಾಡ್ತೈತೇನ್ರಿ ಕಾಕಾ?” ಎಂದ ಗವಂಡಿ.

“ಬೇವಿನ ಗಿಡ ಇತ್ತು ಗುರುತಿಗೆ. ಕಡದು ಒಗದ್ರಿ, ಈಗ ನನ್ನ ಕೇಳ್ತೀರಿ,” ಎಂದು ಕಾಕಾ ಕುಳಿತುಬಿಟ್ಟರು.

ಅಂದೇ ಸಂಜೆ ಸಲಗರೆಯ ಕುರುಬ ಮಾಯಪ್ಪ ಬಂದ. ಹಿಂದೆ ಪ್ರತಿ ವರ್ಷ ಗೊಬ್ಬರಕ್ಕೆಂದು ಅವನ ಕುರಿಗಳನ್ನು ಕಾಕಾನ ಹೊಲದಲ್ಲಿ ಮಲಗಿಸುವ ರೂಢಿಯಿತ್ತು. ಹೊಲ ಹೋದಮೇಲೆ ಈ ಕಡೆ ಬಂದಿರಲಿಲ್ಲ. ಮುಂದಿನ ಊರಿಗೆ ಹೊರಟವನು, ದಣಿದ ಹಿಂಡನ್ನು ನನ್ನ ಖಾಲಿ ಪ್ಲಾಟಿನಲ್ಲಿ ಬಿಟ್ಟ. ಕುರಿಗಳು ಒತ್ತೊತ್ತಾಗಿ ಮಲಗಿದವು. ಒಂದು ಮೂಲೆಯ ಹತ್ತಿರ ಮಾತ್ರ ದುಂಡಗೆ, ಹತ್ತು ಹನ್ನೆರಡು ಅಡಿ ನೆಲ ಖಾಲಿ ಉಳಿಯಿತು. ಮಾಯಪ್ಪ ಒಂದು ಮರಿಯನ್ನು ಒಳಗೆ ನೂಕಿದ. ಅದು ಹಿಂದೆ ಜಿಗಿಯಿತು.

“ಹಳೇ ಕುರಿಗೆ ನೆನಪಿರಬೇಕು,” ಎಂದೆ.

“ಹಳೇವು ಎಲ್ಲಿ ಉಳದಾವ್ರಿ? ಇವೆಲ್ಲಾ ಬಾವಿ ಮುಚ್ಚಿದ ಮ್ಯಾಲ ಹುಟ್ಟಿದ್ದು.”

ಕಾಕಾ ತೋರಿಸಿದ ಎರಡೂ ಜಾಗ ಅದಾಗಿರಲಿಲ್ಲ. ಆದರೂ ಅವರು ಆ ಖಾಲಿ ನೆಲಕ್ಕೆ ಕೈಮುಗಿದರು.

ಅಷ್ಟು ನೆಲ ಬಿಟ್ಟು ಮನೆ ಕಟ್ಟಿಸಿದೆ. ಮಲಗುವ ಖೋಲಿ ಒಂದು ಕಡಿಮೆಯಾಯಿತು. ಗೋಡೆ ಬಿರುಕು ಬಿಟ್ಟಿಲ್ಲ. ಹೆಂಡತಿ ಹೇಳುವುದೇ ಬೇರೆ. “ಅವತ್ತ ಮುಂಜಾನೆ ನೀವ ಸುಣ್ಣದ್ಲೆ ದುಂಡಗ ಗೆರಿ ಹೊಡದಿದ್ರಿ. ಆ ವಾಸನಿಗೆ ಕುರಿ ಕುಂತಿಲ್ಲ, ಅಷ್ಟ.” ಇರಬಹುದು. ನನಗೆ ಸುಣ್ಣ ನೆನಪಿಲ್ಲ. ಹೊಡೆದಿದ್ದರೆ, ಅಲ್ಲೇ ಯಾಕೆ ಹೊಡೆದೆ?

ಅಗೆದು ನೋಡಬಹುದು. ತ್ರಾಣವಿಲ್ಲ. ಬಟ್ಟೆ ಒಣಹಾಕಲು ಹೋಗುವಾಗ ಅವಳೂ ಆ ನೆಲವನ್ನು ತುಳಿಯದೆ ಸುತ್ತು ಹಾಕಿಯೇ ಹೋಗುತ್ತಾಳೆ.