ಕಾಲುವೆಗೆ ಹಾಸಿದ ಗಾದಿ

ದೆವ್ವ, ಶಕುನ ಎಂದವರನ್ನು ಕೆಣಕದೆ ಬಿಟ್ಟವಳಲ್ಲ ನಾನು. ಪೂಜಾರಿಕೆಯ ಮನೆಯಲ್ಲಿ ಹುಟ್ಟಿಯೂ ಅಪ್ಪನೊಡನೆ ವಾದಕ್ಕಿಳಿಯುತ್ತಿದ್ದೆ. ಎಂಜಿನಿಯರ್ ಆದ ಮೇಲಂತೂ ಕೇಳಲೇಬೇಡಿ. ಈಗ ನಾನು ಹೇಳುವುದಕ್ಕೆ ನೀವು ನಕ್ಕರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ.

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಕಾಲುವೆ ದಂಡೆಯ ಮಣ್ಣು ಕೊಚ್ಚಿಹೋಗದಂತೆ ಹಾಸುವ ಗಾದಿಗಳನ್ನು ಮುಂಡರಗಿಯ ಹೊರಗೆ ನೀರು ಬಿಟ್ಟು ಪರೀಕ್ಷಿಸುತ್ತಿದ್ದೆವು. ಗಾದಿ ಎಂದರೆ ಗಾದಿಯೇ: ಪ್ಲಾಸ್ಟಿಕ್ ನೂಲಿನ ಗಟ್ಟಿ ಬಟ್ಟೆ ಎರಡು ಪದರ, ಒಳಗೆ ಅರಳೆಯ ಬದಲು ಉಸುಕು. ಹೊಲಿಯುವವರು ಲಕ್ಷ್ಮೇಶ್ವರದ ಮಾಬುಬಿ, ತಲೆತಲಾಂತರದಿಂದ ಗಾದಿ ಮಾಡುವ ಪಿಂಜಾರರ ಮನೆಯವರು. ಮೊದಲಿನ ಎರಡು ಗಾದಿ ನೀರಿನ ರಭಸಕ್ಕೆ ಅಂಚೆದ್ದು ಮಗುಚಿಬಿದ್ದವು. ಮೂರನೆಯದೂ ಹೋದರೆ ಗಾದಿಗಳನ್ನು ಹೊರಗಿನಿಂದ ತರಿಸುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಹಾಗಾದರೆ ಮಾಬುಬಿಯವರಿಗೂ ಅವರ ಜೊತೆ ಹೊಲಿಯುವ ಓಣಿಯ ಹೆಂಗಸರಿಗೂ ಕೆಲಸ ಹೋದಂತೆಯೇ.

ಆ ದಿನ ಬೆಳಗಿನಿಂದ ನನಗೆ ಯಾಕೋ ತಲೆಸುತ್ತು. ಹೊಲಿಗೆ ನೋಡಲು ಖಾಲಿ ಕಾಲುವೆಗೆ ಇಳಿದವಳು ಮೂರನೆಯ ಗಾದಿಯ ಮೇಲೇ ಉರುಳಿಕೊಂಡು ಹಾಯಾಗಿ ಒಂದು ಜೊಂಪು ತೆಗೆದೆ. ಎದ್ದ ಮೇಲೆ ನೀರು ಬಿಟ್ಟೆವು. ನೀರು ತುಂಬಿ ಹರಿಯುತ್ತಿದ್ದಂತೆ ಅಂಚು ಅಲುಗಿ ಮೇಲೆದ್ದಿತು. ಮಾಬುಬಿ ನನ್ನ ಕೈ ಹಿಡಿದುಕೊಂಡರು. ಆಗ ಆ ಭೋರ್ಗರೆತದ ನಡುವೆ ಒಂದು ಕೂಸು ಕಿಲಕಿಲ ನಕ್ಕಿತು, ಬಿಕ್ಕಳಿಕೆ ಬಂದಂತೆ ತಡೆತಡೆದು. ಎದ್ದ ಅಂಚು ಮೆಲ್ಲಗೆ ಮಲಗಿತು. ಸಂಜೆಯವರೆಗೂ ಗಾದಿ ಅಲುಗಲಿಲ್ಲ.

ಓಣಿಯ ಕೆಲಸ ಉಳಿಯಿತು. ಕುಣಿಯುವಷ್ಟು ಖುಷಿ ನಮಗೆ. ಮಿರ್ಚಿ, ಮಂಡಕ್ಕಿ ತರಿಸಿದೆ. ಸುತ್ತ ಎಲ್ಲೂ ಕೂಸಿರಲಿಲ್ಲ, ನಗು ಕೇಳಿದ್ದೂ ನಮ್ಮಿಬ್ಬರಿಗೇ.

“ಹೊಸಾ ಗಾದಿ ಮ್ಯಾಲ ಮೊದಲ ಕೂಸು ಮಲಗಬೇಕ್ರಿ ಬಾಯಾರ,” ಎಂದರು ಮಾಬುಬಿ. “ಸರಕಾರದ ಗಾದಿಗೆ ಯಾಕ ಬೇಕು ಅಂತ ನಾನ ಬಿಟ್ಟಿದ್ದೆ. ಇವತ್ತೂ ಮಲಗಿಸಿಲ್ಲ.”

ಮಲಗಿದ್ದು ನಾನೊಬ್ಬಳೇ ಎಂದು ನಕ್ಕೆ. ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು.

ಕೆಲವು ದಿನಗಳಲ್ಲೇ ಗದಗಿನ ಡಾಕ್ಟರು ನಾನು ಬಸುರಿ ಎಂದರು. ಬಹಳ ವರ್ಷ ಕಾದ ಕೂಸು. ಮನೆಯವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಇಷ್ಟೇ ಆಗಿದ್ದರೆ ಕಾಕತಾಳೀಯ ಎಂದು ನಾನು ಸುಮ್ಮನಾಗುತ್ತಿದ್ದೆ, ಖಂಡಿತ. ಆದರೆ ಮಗಳು ಹುಟ್ಟಿ ಕೆಲವು ತಿಂಗಳ ಮೇಲೆ ಮಾಬುಬಿ ಅವಳನ್ನು ನೋಡಲು ಬಂದರು. ಅವರು ತೊಡೆಯ ಮೇಲೆ ಮಲಗಿಸಿಕೊಂಡಾಗ ಮಗಳು ಮೊದಲ ಸಲ ದನಿ ತೆಗೆದು ನಕ್ಕಳು, ಬಿಕ್ಕಳಿಕೆ ಬಂದಂತೆ, ತಡೆತಡೆದು.

“ಇದ ನಗಿ ಹೌದಲ್ರಿ?” ಎಂದರು ಮಾಬುಬಿ, ಕಣ್ಣು ಒರೆಸಿಕೊಳ್ಳುತ್ತ.

ಹೌದು ಎಂದೆ. ಅದು ಹೇಗೆ ಎಂದು ಮಾತ್ರ ಇವತ್ತಿಗೂ ಹೇಳಲಾರೆ.